ಮನೆಯ ಮಾತನ್ನು ಕುರಿತು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು ೨ನೆಯ ಅಧ್ಯಾಯ, ೧ರಿಂದ ೧೩ನೆಯ ವಚನದ ವರೆಗೆ.



ಪಂಚಾಶತ್ತಮ ದಿನದ ಹಬ್ಬಕ್ಕೆ ಯೆರೂಸಲೇಮಿನಲ್ಲಿ ಕೂಡಿದ್ದ ಜನರ ಸೀಮೆಗಳನ್ನು ಲೂಕನು ಒಂದೊಂದಾಗಿ ಬರೆದಿಟ್ಟಿದ್ದಾನೆ. ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಂದು ಮೊದಲಾಗುವ ಆ ಪಟ್ಟಿಯನ್ನು ಸಭೆಯಲ್ಲಿ ಓದುವವರು ಅವಸರದಿಂದ ದಾಟಿಬಿಡುವದುಂಟು. ಹೆಸರುಗಳು ನಾಲಿಗೆಗೆ ತೊಡಕು, ಆ ಸೀಮೆಗಳು ನಮಗೆ ದೂರ. ಆದಾಗ್ಯೂ ಆ ದಿನದ ಆಶ್ಚರ್ಯವು ಆ ಪಟ್ಟಿಯಲ್ಲಿಯೇ ಅಡಗಿರುವದು. ಎಣಿಸಿ ನೋಡಿದರೆ ೧೫ ಹೆಸರುಗಳು ಸಿಕ್ಕುತ್ತವೆ.

ಆ ಕಾಲದಲ್ಲಿ ರೋಮಿನ ಆಳಿಕೆಗೆ ಒಳಗಾದ ಮೂಡಣ ಸೀಮೆಗಳ ಪೇಟೆಗಳಲ್ಲಿ ಗ್ರೀಕ್ ಭಾಷೆಯು ನಡೆಯುತ್ತಿತ್ತು. ಯೂದಾಯದಿಂದ ಪಾರ್ಥ್ಯರ ರಾಜ್ಯದ ವರೆಗೆ ಅರಾಮ್ಯ ಭಾಷೆಯನ್ನು ಬಲ್ಲವರು ಬಹುಮಂದಿ ಇದ್ದರು. ಈ ಎರಡರಲ್ಲಿ ಪ್ರಸಂಗಿಸಿದ್ದರೆ ನೆರೆದವರಲ್ಲಿ ಹೆಚ್ಚಿನವರಿಗೆ ಅರ್ಥವಾಗುತ್ತಿತ್ತೆಂದು ಹೇಳಬಹುದು. ವ್ಯಾಪಾರ ಮಾಡುವದಕ್ಕೂ ಸುಂಕ ಕೊಡುವದಕ್ಕೂ ಅಧಿಕಾರಿಯ ಮುಂದೆ ನಿಲ್ಲುವದಕ್ಕೂ ಆ ಭಾಷೆಗಳು ಸಾಕಾಗಿದ್ದವು. ಪವಿತ್ರಾತ್ಮನಿಗೆ ಅವು ಸಾಕಾಗಲಿಲ್ಲ. ಒಬ್ಬೊಬ್ಬನು ಹುಟ್ಟಿದಂದಿನಿಂದ ತಾಯಿಯ ಬಾಯಿಂದ ಕೇಳಿದ ಮಾತಿನಲ್ಲಿಯೇ ದೇವರ ಮಹತ್ತಾದ ಕಾರ್ಯಗಳನ್ನು ಕೇಳುವಂತಾಯಿತು. ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ: ನೀನು ಮೊದಲು ಗಲಿಲಾಯದವನಾಗು, ಆಮೇಲೆ ನಿನಗೆ ಹೇಳುವೆನು ಎಂದು ದೇವರು ಪಾರ್ಥ್ಯನಿಗೆ ಆಜ್ಞಾಪಿಸಲಿಲ್ಲ. ಪಾರ್ಥ್ಯನು ಪಾರ್ಥ್ಯನಾಗಿಯೇ ಕೇಳಿದನು, ಅರಬ್ಬಿಯವನು ಅರಬ್ಬಿಯವನಾಗಿಯೇ ಕೇಳಿದನು, ಆದರೂ ಸಭೆಯು ಒಂದೇ ಆಯಿತು.

ಪೌಲನೂ ಬಾರ್ನಬನೂ ಲುಸ್ತ್ರಕ್ಕೆ ಹೋದಾಗ ನಡೆದದ್ದನ್ನು ಅದೇ ಪುಸ್ತಕದ ೧೪ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹುಟ್ಟುಕುಂಟನು ಎದ್ದು ನಡೆದದ್ದನ್ನು ಕಂಡ ಕೂಡಲೆ ಅಲ್ಲಿಯ ಜನರು ಕೂಗಿದ್ದು ಲುಕವೋನ್ಯ ಭಾಷೆಯಲ್ಲಿ. ಅದಕ್ಕೆ ಮುಂಚೆ ಅವರು ಪೌಲನ ಪ್ರಸಂಗವನ್ನು ಕೇಳಿ ಗ್ರಹಿಸಿದ್ದರಷ್ಟೆ. ಆದರೆ ಹೃದಯವು ಕದಲಿದಾಗ ಬಾಯಿಗೆ ಬಂದದ್ದು ಮನೆಯ ಮಾತೇ. ನಮ್ಮಲ್ಲಿಯೂ ಹಾಗೆಯೇ. ಬಹಳ ವರುಷ ಕನ್ನಡದಲ್ಲಿ ಕೀರ್ತನೆ ಹಾಡಿದ ತುಳುವ ತಾಯಿಯು ಮಗುವನ್ನು ಕಳಕೊಂಡ ರಾತ್ರಿ ಯಾವ ಭಾಷೆಯಲ್ಲಿ ಅಳುವಳೆಂಬದು ನಿಮಗೆ ಗೊತ್ತಿದೆ.

ಈ ಸಂಗತಿಯನ್ನು ನಾವು ಈಗ ಎತ್ತುವದಕ್ಕೆ ಕಾರಣವುಂಟು. ನಮ್ಮ ದೇಶವು ಆ ಹಬ್ಬದ ಅಂಗಳಕ್ಕಿಂತ ದೊಡ್ಡ ಅಂಗಳ. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ಜನರು ಆಡುವ ಭಾಷೆಗಳು ೧೨೧. ಇವುಗಳೊಳಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಹೆಸರು ಪಡೆದವುಗಳು ೨೨ ಮಾತ್ರ. ನಮ್ಮ ಕರ್ನಾಟಕದಲ್ಲಿಯೇ ಕನ್ನಡವು ಮನೆಯ ಮಾತಾಗಿರುವವರು ನೂರಕ್ಕೆ ಸುಮಾರು ೬೬ ಜನ; ಉಳಿದವರ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ, ಬ್ಯಾರಿ ಮೊದಲಾದವು ನಡೆಯುತ್ತವೆ. ಕೊಂಕಣಿಯೊಂದನ್ನೇ ನೋಡಿರಿ: ಅದನ್ನು ನಾಗರಿ, ಕನ್ನಡ, ಮಲಯಾಳ, ರೋಮನ್, ಅರಬ್ಬಿ ಎಂಬ ಐದು ಬಗೆಯ ಅಕ್ಷರಗಳಲ್ಲಿ ಬರೆಯುವವರು ಉಂಟು. ಲಂಬಾಣಿ ತಾಂಡೆಗಳ ಮಾತನ್ನು ಜನಗಣತಿಯವರು ಹಿಂದಿಯ ಕೆಳಗೆ ಬರೆದು ಎಣಿಸಿದ್ದಾರೆ; ಹಾಗೆ ಎಣಿಸಲ್ಪಟ್ಟವರು ೩೨ ಲಕ್ಷಕ್ಕಿಂತ ಹೆಚ್ಚು. ನೀಲಗಿರಿಯ ಬಡಗರ ಮಾತನ್ನು ಕನ್ನಡದ ಕೆಳಗೆ ಸೇರಿಸಿದ್ದಾರೆ. ಎಣಿಸುವವರಿಗೆ ಇದು ಅನುಕೂಲವಾದ ಮಾರ್ಗವಾಗಿರಬಹುದು. ಆದರೆ ತಾಂಡೆಯ ಅಜ್ಜಿಯು ತಾನು ಹಿಂದಿಯವಳೆಂದು ಎಂದಾದರೂ ನೆನಸಿದ್ದಾಳೋ ಎಂದು ಕೇಳಿದರೆ ನಗುವಳು.

ಇಷ್ಟು ಭಾಷೆಗಳಿರುವದು ದೇಶಕ್ಕೆ ಬಂದ ಶಾಪವೆಂದು ಕೆಲವು ಸಹೋದರರು ಹೇಳುವದನ್ನು ಕೇಳಿದ್ದೇವೆ. ಅವರು ಬಾಬೆಲಿನ ಗೋಪುರವನ್ನು ತೋರಿಸುತ್ತಾರೆ. ಆದಿಕಾಂಡದ ೧೧ನೆಯ ಅಧ್ಯಾಯವನ್ನು ಓದುವ ಮುಂಚೆ ೧೦ನೆಯ ಅಧ್ಯಾಯವನ್ನು ಓದಿಕೊಳ್ಳಬೇಕೆಂದು ಅವರಲ್ಲಿ ಬೇಡಿಕೊಳ್ಳುತ್ತೇವೆ. ನೋಹನ ಮಕ್ಕಳ ಸಂತತಿಯವರು ಕುಲಕುಲಗಳಾಗಿ, ತಮ್ಮ ತಮ್ಮ ಭಾಷೆಗಳ ಮೇರೆಗೆ ದೇಶದೇಶಗಳಲ್ಲಿ ಹರಡಿಕೊಂಡದ್ದನ್ನು ಅಲ್ಲಿ ಮೂರು ಸಾರಿ ಹೇಳಿದೆ. ಅದರಲ್ಲಿ ಕೋಪದ ಮಾತು ಒಂದೂ ಇಲ್ಲ. ಬಾಬೆಲಿನವರ ಪಾಪವು ಬೇರೆ. ತಮಗಾಗಿ ಹೆಸರು ಪಡಕೊಳ್ಳುವದಕ್ಕೆ ಅವರು ಆಕಾಶಕ್ಕೆ ಮುಟ್ಟುವ ಕಟ್ಟಡವನ್ನು ಕಟ್ಟಹೋದರು. ಕಲ್ಲನ್ನು ಬಿಟ್ಟು, ಅಚ್ಚಿನಲ್ಲಿ ಒತ್ತಿ ಸುಟ್ಟ ಇಟ್ಟಿಗೆಯನ್ನು ಹಿಡಿದರು. ಕಲ್ಲು ಒಂದರ ಹಾಗೆ ಇನ್ನೊಂದಿಲ್ಲ, ಇಟ್ಟಿಗೆಗಳೋ ಎಲ್ಲವೂ ಒಂದೇ. ಮನುಷ್ಯರನ್ನೂ ಹಾಗೆ ಒಂದೇ ಅಚ್ಚಿಗೆ ಒತ್ತುವವರು ಎಲ್ಲಾ ಕಾಲಗಳಲ್ಲಿಯೂ ಇದ್ದಾರೆ.

ನಮ್ಮ ದೇಶದ ಸಂವಿಧಾನವನ್ನು ಬರೆದವರು ಆ ಅಚ್ಚನ್ನು ಹಿಡಿಯಲಿಲ್ಲ. ಇದಕ್ಕಾಗಿ ದೇವರಿಗೆ ಸ್ತೋತ್ರ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಆ ಶಾಸನವು ಒಕ್ಕೂಟದ ಆಡಳಿತಕ್ಕೆ ಹಿಂದಿಯನ್ನು ಗೊತ್ತುಮಾಡಿ, ಇಂಗ್ಲಿಷನ್ನೂ ನಡೆಯಗೊಟ್ಟಿತು. ಆದರೆ ಯಾವ ಒಂದು ಭಾಷೆಯನ್ನೂ ರಾಷ್ಟ್ರಭಾಷೆಯೆಂದು ಹೆಸರಿಸಲಿಲ್ಲ. ಆಗ ಅನುಸೂಚಿಯಲ್ಲಿ ೧೪ ಭಾಷೆಗಳಿದ್ದವು. ೧೯೬೭ರಲ್ಲಿ ಸಿಂಧಿಯೂ, ೧೯೯೨ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿಗಳೂ, ೨೦೦೩ರ ತಿದ್ದುಪಡಿಯಿಂದ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿಗಳೂ ಸೇರಿದವು. ೧೮ ಲಕ್ಷ ಜನರಾಡುವ ತುಳುವಿಗೆ ಆಗಲೂ ಸ್ಥಳ ಸಿಕ್ಕಲಿಲ್ಲ. ೨೯ನೆಯ ವಿಧಿಯು ಯಾವ ಜನವರ್ಗಕ್ಕಾದರೂ ತನ್ನ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕು ಉಂಟೆಂದು ಹೇಳುತ್ತದೆ. ೧೯೫೬ರಲ್ಲಿ ಸೇರಿಸಿದ ೩೫೦-ಎ ಎಂಬ ವಿಧಿಯು ಅಲ್ಪಸಂಖ್ಯಾತ ಭಾಷೆಯವರ ಮಕ್ಕಳಿಗೆ ಮೊದಲ ಹಂತದ ಪಾಠವನ್ನು ತಾಯಿನುಡಿಯಲ್ಲಿ ಕಲಿಸುವದಕ್ಕೆ ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಕಾಗದದಲ್ಲಿ ಇರುವದೆಲ್ಲವೂ ಶಾಲೆಯ ಬಾಗಿಲಿಗೆ ಬಂದಿಲ್ಲವೆಂಬದು ನಿಮಗೂ ತಿಳಿದದ್ದೇ. ಆದರೂ ನಿಮ್ಮ ಹೆಸರಿನಲ್ಲಿ ಹೀಗೆ ಬರೆದಿದೆಯೆಂಬದನ್ನು ನಿಮ್ಮಲ್ಲಿ ಅನೇಕರು ಕೇಳಿಯೇ ಇರಲಿಕ್ಕಿಲ್ಲ; ಆದಕಾರಣ ಇಲ್ಲಿ ಬರೆದೆವು.

ಇನ್ನು ನಮ್ಮ ಸಭೆಗಳ ಒಳಗೆ ಬರೋಣ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹಕಾರವನ್ನು ಬಿಟ್ಟು ಮಾತನಾಡುವದು ವಾಡಿಕೆ. ಹಾಲು ಆಲಾಗುವದು, ಹಾಸನವು ಆಸನವಾಗುವದು. ಇಂಥವನೊಬ್ಬನು ಭಾನುವಾರ ಎದ್ದು ನಿಂತು ವೇದಪಾಠವನ್ನು ಓದಿದರೆ ಮುಂದಿನ ಬೆಂಚಿನಲ್ಲಿರುವ ಓದಿದವರ ಮುಖದಲ್ಲಿ ನಗು ಕಾಣುವದು. ಮುಂದಿನ ಭಾನುವಾರ ಅವನು ಓದುವದಿಲ್ಲ. ಈ ನಗು ಎಷ್ಟು ಹಳೆಯದೆಂಬದನ್ನು ಕೇಳಿರಿ. ಗಲಿಲಾಯದವರು ಗಂಟಲಿನಿಂದ ಹೊರಡುವ ಅಕ್ಷರಗಳನ್ನು ಬೇರೆಬೇರೆಯಾಗಿ ಉಚ್ಚರಿಸುವದಿಲ್ಲವೆಂದು ಯೂದಾಯದವರು ಹಾಸ್ಯಮಾಡುತ್ತಿದ್ದರು. ಯೆಹೂದ್ಯರ ತಾಲ್ಮುದಿನಲ್ಲಿ ಇಂಥ ಹಾಸ್ಯದ ಕಥೆಗಳನ್ನು ಬರೆದಿಟ್ಟಿದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಉಡುಪಲ್ಲ, ಮುಖವಲ್ಲ, ಅವನ ಮಾತಿನ ರೀತಿ. ಅವನ ಬಾಯಿಂದ ಹೊರಟ ಎರಡು ಮಾತುಗಳಿಂದಲೇ ಬೆಂಕಿ ಕಾಯಿಸಿಕೊಳ್ಳುತ್ತಿದ್ದವರು ಅವನ ಊರನ್ನು ಕಂಡುಹಿಡಿದರು. ಅಂಥವನನ್ನೇ ಕರ್ತನು ಪಂಚಾಶತ್ತಮ ದಿನದಲ್ಲಿ ಎಬ್ಬಿಸಿ ನಿಲ್ಲಿಸಿದನು. ಅವನ ಉಚ್ಚಾರಣೆಯನ್ನು ಮೊದಲು ತಿದ್ದಿದನೆಂದು ಎಲ್ಲಿಯೂ ಬರೆದಿಲ್ಲ. ಆ ದಿನ ಸುಮಾರು ಮೂರು ಸಾವಿರ ಜನರು ಸಭೆಗೆ ಸೇರಿದರು.

ನಗುವದರಿಂದ ಆರಂಭವಾದದ್ದು ನಗುವಿನಲ್ಲಿಯೇ ನಿಲ್ಲುವದಿಲ್ಲ. ನ್ಯಾಯಸ್ಥಾಪಕರು ೧೨ನೆಯ ಅಧ್ಯಾಯವು ಭಯಂಕರವಾದದ್ದು. ಯೆಫ್ತಾಹನ ಕಡೆಯ ಗಿಲ್ಯಾದ್ಯರು ಯೊರ್ದನ್ ಹೊಳೆಯ ಹಾಯ್ಗಡಗಳಲ್ಲಿ ಕಾದುಕೊಂಡು, ಸೋತು ಓಡಿಬರುವ ಎಫ್ರಾಯೀಮ್ಯರಿಗೆ ಒಂದು ಶಬ್ದವನ್ನು ಹೇಳೆನ್ನುತ್ತಿದ್ದರು. ಷಿಬ್ಬೋಲೆತ್ ಎಂಬುವದು ಆ ಶಬ್ದ. ಎಫ್ರಾಯೀಮ್ಯನು ಅದನ್ನು ಸಿಬ್ಬೋಲೆತ್ ಅನ್ನುವನು. ಒಂದು ಅಕ್ಷರ ತಪ್ಪಿದ್ದಕ್ಕೆ ಅಲ್ಲಿಯೇ ಕೊಲ್ಲಲ್ಪಡುವನು. ಹೀಗೆ ಆಗ ಸತ್ತವರು ೪೨,೦೦೦ ಎಂದು ಬರೆದಿದೆ. ಅವರು ಅನ್ಯಜನರಾಗಿದ್ದರೋ? ಇಲ್ಲ, ಒಬ್ಬನೇ ತಂದೆಯ ಮಕ್ಕಳು.

ಇದು ಹಳೇ ಕಾಲದ ಮಾತೆಂದು ನೆನಸಬೇಡಿರಿ. ೧೯೯೧ರ ದಶಂಬರದಲ್ಲಿ, ಕಾವೇರಿ ನೀರಿನ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಹೊರಟ ತರುವಾಯ, ಬೆಂಗಳೂರಿನಲ್ಲಿ ತಮಿಳು ಮಾತನಾಡುವವರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು, ಪ್ರಾಣಗಳೂ ಹೋದವು. ದಿಕ್ಕಿಲ್ಲದ ಕೂಲಿಯವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಹೊಳೆಯ ನೀರಿನ ಪಾಲು ನ್ಯಾಯವಾಗಿ ಸಿಕ್ಕಬೇಕೆಂಬದು ಬೇರೆ ವಿಚಾರ. ಒಕ್ಕಲಿಗನ ಕಷ್ಟವನ್ನು ನಾವು ಬಲ್ಲೆವು, ನಮ್ಮ ಸಭೆಗಳಲ್ಲಿ ಕಾವೇರಿಯ ಕಾಲುವೆಯಿಂದ ಗದ್ದೆ ನಟ್ಟು ಬದುಕುವವರು ಇದ್ದಾರೆ. ಆದರೆ ನಾಲಿಗೆಯನ್ನು ನೋಡಿ ಬೆಂಕಿ ಹಚ್ಚುವವನು ಯೊರ್ದನಿನ ಹಾಯ್ಗಡದಲ್ಲಿ ನಿಂತವನೇ. ಅಂಥ ದಿನ ತಿರಿಗಿ ಬಂದರೆ ವಿಶ್ವಾಸಿಗಳ ಮನೆಯ ಬಾಗಿಲು ಯಾರಿಗೆ ತೆರೆಯುವದೆಂಬದನ್ನು ಈಗಲೇ ನಿಶ್ಚಯಿಸಿಕೊಳ್ಳಬೇಕು. ಬೆಂಕಿ ಕಂಡ ಮೇಲೆ ಯೋಚಿಸುವದಕ್ಕೆ ಹೊತ್ತು ಸಿಕ್ಕದು.

ಮೊದಲಿನ ಸಭೆಯಲ್ಲಿಯೂ ಭಾಷೆಯ ಜಗಳ ಬಂತು. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಊಟದಲ್ಲಿ ಕೊರತೆಯಾಗುತ್ತದೆಂದು ಗುಣುಗುಟ್ಟಿದರು. ಅಪೊಸ್ತಲರ ಕೃತ್ಯಗಳು ೬ನೆಯ ಅಧ್ಯಾಯದಲ್ಲಿ ಇದನ್ನು ಮರೆಮಾಡದೆ ಬರೆದಿದೆ. ಅಪೊಸ್ತಲರು ಅವರನ್ನು ಗದರಿಸಿ ಬಾಯಿ ಮುಚ್ಚಿಸಲಿಲ್ಲ, ನೀವೂ ಅರಾಮ್ಯವನ್ನು ಕಲಿತುಕೊಳ್ಳಿರಿ, ಆಗ ಊಟ ಸಿಕ್ಕುವದು ಎನ್ನಲೂ ಇಲ್ಲ. ಊಟದ ಮೇಲ್ವಿಚಾರಣೆಗೆ ಏಳು ಮಂದಿಯನ್ನು ಆರಿಸಿದರು. ಆ ಏಳು ಹೆಸರುಗಳನ್ನು ನೋಡಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳು. ಕೊರತೆ ಪಟ್ಟವರ ಕೈಗೇ ಸೌಟನ್ನು ಕೊಟ್ಟರು. ನಮ್ಮ ಸಭಾ ಕಮಿಟಿಗಳಲ್ಲಿ ಲಂಬಾಣಿ ಮನೆಯವರು ಎಷ್ಟು ಮಂದಿ, ಕೊರಗರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರವು ಬೇಗ ಬರುವದಿಲ್ಲ.

ಕೊರಗರ ಮಾತೆತ್ತಿದ್ದರಿಂದ ಇನ್ನಷ್ಟು ಹೇಳುತ್ತೇವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಗಳಲ್ಲಿ ಬುಟ್ಟಿ ಹೆಣೆದು ಬದುಕುವ ಈ ಜನಕ್ಕೆ ತಮ್ಮದೇ ಆದ ಭಾಷೆಯುಂಟು. ನೆರೆಯವರ ಕೂಡ ತುಳುವಿನಲ್ಲಿ ಮಾತನಾಡುವದರಿಂದ ಅವರಿಗೆ ಬೇರೆ ಭಾಷೆ ಇದೆಯೆಂಬದೇ ಅನೇಕರಿಗೆ ತಿಳಿಯದು. ಅಜಲು ಎಂಬ ಅವಮಾನಕರವಾದ ಪದ್ಧತಿಯನ್ನು ಅವರ ಮೇಲೆ ಹೊರಿಸಿದ್ದನ್ನು ಕರ್ನಾಟಕ ಸರಕಾರವು ೨೦೦೦ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕಾನೂನು ನಿಲ್ಲಿಸಿದ್ದು ಪದ್ಧತಿಯನ್ನು; ನಗುವದನ್ನು ನಿಲ್ಲಿಸುವ ಕೆಲಸವು ನೆರೆಹೊರೆಗೆ, ಮುಖ್ಯವಾಗಿ ಸಭೆಗೆ, ಉಳಿದಿದೆ. ಕೊರಗ, ಕೊಡವ, ಬಡಗ ಈ ಮೂರೂ ಯುನೆಸ್ಕೊ ಸಂಸ್ಥೆಯವರು ಅಪಾಯದಲ್ಲಿರುವ ಭಾಷೆಗಳೆಂದು ಬರೆದಿಟ್ಟ ಪಟ್ಟಿಯಲ್ಲಿ ಸೇರಿವೆ.

ಅಪಾಯವೆಂದರೇನೆಂಬದು ಅಂಡಮಾನಿನಲ್ಲಿ ಕಂಡುಬಂತು. ಬ್ರಿಟಿಷರು ೧೮೫೮ರಲ್ಲಿ ಅಲ್ಲಿ ಕೈದಿಗಳ ವಸಾಹತನ್ನು ಸ್ಥಾಪಿಸಿದ ಮೇಲೆ ಹೊರಗಿನ ರೋಗಗಳು ತಗಲಿ, ಹಿಂದೆ ಸಾವಿರಾರು ಇದ್ದ ಅಲ್ಲಿಯ ಮೂಲನಿವಾಸಿಗಳ ಕುಲಗಳು ಕರಗಿಹೋದವು. ಅವುಗಳಲ್ಲಿ ಬೋ ಎಂಬ ಕುಲದ ಭಾಷೆಯನ್ನು ಬಲ್ಲ ಕಡೆಯವಳಾದ ಬೋವಾ ಸೀನಿಯರ್ ಎಂಬ ವೃದ್ಧೆಯು ೨೦೧೦ರ ಜನವರಿಯಲ್ಲಿ ತೀರಿಹೋದಳು. ಅನೇಕ ವರುಷಗಳಿಂದ ಆಕೆಗೆ ಆ ಭಾಷೆಯಲ್ಲಿ ಉತ್ತರ ಕೊಡುವವರು ಒಬ್ಬರೂ ಇರಲಿಲ್ಲ. ಆಕೆಯ ಮಾತುಗಳನ್ನು ಬರೆದುಕೊಂಡ ಭಾಷಾಪಂಡಿತೆಯಾದ ಅನ್ವಿತಾ ಅಬ್ಬಿಯವರು, ಆಕೆಯು ಹಕ್ಕಿಗಳ ಸಂಗಡ ಬೋ ಭಾಷೆಯಲ್ಲಿ ಮಾತನಾಡುತ್ತಿದ್ದಳೆಂದು ತಿಳಿಸಿದ್ದಾರೆ. ಇದನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗಬೇಡಿರಿ. ಎಲ್ಲಾ ಜನಾಂಗಗಳೂ ಭಾಷೆಗಳೂ ಸಿಂಹಾಸನದ ಮುಂದೆ ನಿಂತಿರುವದನ್ನು ಯೋಹಾನನು ಪ್ರಕಟನೆ ೭ನೆಯ ಅಧ್ಯಾಯದಲ್ಲಿ ಕಂಡನಷ್ಟೆ. ಆ ಸ್ತೋತ್ರದಲ್ಲಿ ಕೇಳತಕ್ಕ ಒಂದು ನಾಲಿಗೆಯು ಭೂಮಿಯ ಮೇಲೆ, ನಮ್ಮ ದೇಶದಲ್ಲಿಯೇ, ನಾವು ಬದುಕಿರುವ ಕಾಲದಲ್ಲಿ ಮೌನವಾಯಿತು.

ಸುವಾರ್ತೆಯ ಕೆಲಸಕ್ಕೆ ಬಂದವರು ಸಣ್ಣ ಭಾಷೆಗಳಿಗೆ ಉಪಕಾರ ಮಾಡಿದ್ದುಂಟು. ತುಳು ಹೊಸ ಒಡಂಬಡಿಕೆಯು ೧೮೪೭ರಲ್ಲಿ ಮಂಗಳೂರಿನಲ್ಲಿ ಕನ್ನಡ ಅಕ್ಷರದಲ್ಲಿ ಅಚ್ಚಾಯಿತು. ಮೆನ್ನರ್ ಪಾದ್ರಿಯವರ ತುಳು ನಿಘಂಟು ೧೮೮೬ರಲ್ಲಿ ಹೊರಟಿತು. ವೇಲ್ಸ್ ಸೀಮೆಯ ತಾಮಸ್ ಜೋನ್ಸ್ ಎಂಬವರು ೧೮೪೧ರಲ್ಲಿ ಚೆರಾಪುಂಜಿಗೆ ಬಂದು ಖಾಸಿ ಜನರ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆದರು. ಅವರ ಸ್ವಂತ ಭಾಷೆಯೂ ಇಂಗ್ಲಿಷಿನ ನೆರಳಿನಲ್ಲಿ ಬೆಳೆದ ಸಣ್ಣ ಭಾಷೆಯೇ. ಸಣ್ಣ ಭಾಷೆಯ ನೋವನ್ನು ಬಲ್ಲವರಾದ್ದರಿಂದ ಆ ಕೆಲಸವು ಅವರಿಗೆ ಒಗ್ಗಿತೆಂದು ನಮಗೆ ತೋರುತ್ತದೆ. ೧೮೯೪ರಲ್ಲಿ ಲೋರೆನ್, ಸ್ಯಾವಿಜ್ ಎಂಬಿಬ್ಬರು ಐಜಾಲಿಗೆ ಬಂದು ಮಿಜೋ ಭಾಷೆಗೆ ಅಕ್ಷರಮಾಲೆಯನ್ನು ಕಟ್ಟಿದರು. ಇದನ್ನು ಹೇಳಿಕೊಂಡು ಹಿಗ್ಗುವದಕ್ಕೆ ನಮಗೆ ಹಕ್ಕಿಲ್ಲ. ಪಾದ್ರಿಗಳು ಬರುವದಕ್ಕೆ ಮುಂಚೆ ಆ ಭಾಷೆಗಳನ್ನು ಕಾಪಾಡಿದವರು ತೊಟ್ಟಿಲು ತೂಗಿದ ತಾಯಂದಿರು, ನಾಟಿಯಲ್ಲಿ ಹಾಡಿದ ಹೆಂಗಸರು. ಪುಸ್ತಕದಲ್ಲಿ ಅವರ ಹೆಸರಿಲ್ಲ. ಸಂತಾಲರ ಸ್ವಂತ ಲಿಪಿಯಾದ ಓಲ್ ಚಿಕಿಯನ್ನು ೧೯೨೫ರಲ್ಲಿ ಕಲ್ಪಿಸಿದವರು ಅವರ ಜನದವರೇ ಆದ ರಘುನಾಥ ಮುರ್ಮು.

ಇನ್ನೊಂದು ಮಾತು. ಕ್ರಿಸ್ತನನ್ನು ನಂಬಿದವರು ಪರದೇಶದವರಾಗಿಬಿಟ್ಟರೆಂದು ನಮ್ಮ ನೆರೆಯವರಲ್ಲಿ ಕೆಲವರು ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗುವ ಮುಂಚೆ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಮಗನಿಗೆ ಇಂಗ್ಲಿಷ್ ಹೆಸರಿಟ್ಟರೆ ಭಕ್ತಿ ಹೆಚ್ಚುವದೆಂದು ನೆನಸುವವರು ಇದ್ದಾರೆ. ಮಗಳು ಅಜ್ಜಿಯ ಕೂಡ ಲಂಬಾಣಿಯಲ್ಲಿ ಮಾತನಾಡಿದರೆ, ಪಾದ್ರಿಗಳು ಬಂದಿದ್ದಾರೆ, ಸುಮ್ಮನಿರು ಎಂದು ಚಿವುಟುವ ತಾಯಂದಿರೂ ಇದ್ದಾರೆ. ಇದನ್ನು ಯಾರು ಕಲಿಸಿದರು? ಅನ್ಯಜನರಿಂದ ಬಂದ ವಿಶ್ವಾಸಿಗಳು ಯೆಹೂದ್ಯರ ಆಚಾರಕ್ಕೆ ಒಳಗಾಗಬೇಕೋ ಎಂಬ ದೊಡ್ಡ ಪ್ರಶ್ನೆಯು ಯೆರೂಸಲೇಮಿನ ಆಲೋಚನಾಸಭೆಯ ಮುಂದೆ ಬಂದಾಗ, ಆ ನೊಗವನ್ನು ಅವರ ಮೇಲೆ ಹೊರಿಸಬಾರದೆಂದು ಹಿರಿಯರು ತೀರ್ಮಾನಿಸಿದರು. ಕರ್ತನು ಹುಟ್ಟಿದ ಜನಾಂಗದವರಾಗುವದೇ ಅವಶ್ಯವಿಲ್ಲವಾದ ಮೇಲೆ ಇಂಗ್ಲಿಷರಂತಾಗುವದು ಹೇಗೆ ಅವಶ್ಯವಾದೀತು? ವಿಗ್ರಹಕ್ಕೆ ಸಂಬಂಧಪಟ್ಟದ್ದನ್ನು ಬಿಟ್ಟೆವು, ಕುಡಿಕತನವನ್ನು ಬಿಟ್ಟೆವು, ಜಾತಿಯ ಹೆಮ್ಮೆಯನ್ನು ಬಿಡಬೇಕಾದಷ್ಟು ಇನ್ನೂ ಬಿಟ್ಟಿಲ್ಲ. ರಾಗಿಮುದ್ದೆಯನ್ನು ಬಿಡು, ಸೋಬಾನೆಯ ರಾಗವನ್ನು ಬಿಡು, ತಾತನ ಮಾತನ್ನು ಬಿಡು ಎಂದು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಪೇಟೆಯಲ್ಲಿ ಕೆಲಸ ದೊರೆಯುವದಕ್ಕೆ ಮಕ್ಕಳು ಕನ್ನಡವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ, ಬೇಡವೆನ್ನುವದಿಲ್ಲ. ಒಂದನ್ನು ಕಲಿಯುವದಕ್ಕೆ ಇನ್ನೊಂದನ್ನು ನಾಚಿಕೆಯಿಂದ ಮುಚ್ಚಿಡಬೇಕಾಗಿಲ್ಲ. ಸಂತೆಗೆ ಹೋಗಿಬರುವ ನಿಮ್ಮಲ್ಲಿ ಮೂರು ಭಾಷೆಗಳನ್ನು ಆಡುವವರು ಎಷ್ಟೋ ಮಂದಿ, ಅದಕ್ಕೆ ಯಾವ ಶಾಲೆಗೂ ಹೋದವರಲ್ಲ.

ಮಾರ್ಕನ ಸುವಾರ್ತೆಯು ಗ್ರೀಕಿನಲ್ಲಿ ಬರೆದ ಪುಸ್ತಕ. ಆದರೆ ಯಾಯೀರನ ಮಗಳು ಸತ್ತು ಮಲಗಿದ್ದಾಗ ಕರ್ತನು ಅವಳ ಕೈಹಿಡಿದು ಆಡಿದ ಎರಡು ಶಬ್ದಗಳನ್ನು ಮಾರ್ಕನು ಅರಾಮ್ಯದಲ್ಲಿಯೇ ಇಟ್ಟು, ಪಕ್ಕದಲ್ಲಿ ಅರ್ಥವನ್ನು ಬರೆದನು. ಹನ್ನೆರಡು ವರುಷದ ಹುಡುಗಿಯನ್ನು ಎಬ್ಬಿಸುವದಕ್ಕೆ ಆಕೆಯ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಯಾವ ಮಾತಿನಲ್ಲಿ ಕರೆಯುತ್ತಿದ್ದರೋ ಅದೇ ಮಾತಿನಲ್ಲಿ ಕರ್ತನು ಕರೆದನು.

ಮುಂದಿನ ಪಂಚಾಶತ್ತಮ ಹಬ್ಬದ ಆರಾಧನೆಯಲ್ಲಿ ಕೃತ್ಯಗಳು ೨ನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಿದ ತರುವಾಯ, ಸಭೆಯಲ್ಲಿರುವ ಇತರ ಭಾಷೆಯವರಲ್ಲಿ ಒಬ್ಬೊಬ್ಬರು ಎದ್ದು ಅದನ್ನೇ ತಮ್ಮ ಮನೆಯ ಮಾತಿನಲ್ಲಿ ಹೇಳುವಂತೆ ಉಪದೇಶಿಗಳು ಏರ್ಪಾಡು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಅಚ್ಚಾದ ಪುಸ್ತಕ ಇಲ್ಲದ ಭಾಷೆಯಾದರೆ ಬಾಯಿಂದ ಹೇಳಿದರೆ ಸಾಕು. ಓದು ಬಾರದ ಮುದುಕಿಯರನ್ನು ಬಿಡಬಾರದು. ಅವರಿಗೆ ಹಿಂದಿನ ವಾರವೇ ಪಾಠವನ್ನು ಎರಡು ಮೂರು ಸಾರಿ ಓದಿ ತಿಳಿಸಿರಬೇಕು. ಯಾರು ಮೊದಲು ಏಳುವರೆಂಬದನ್ನು ಹಿರಿಯರು ಗೊತ್ತುಮಾಡಿಕೊಂಡಿರಲಿ, ಮತ್ತು ಮುಂದಿನ ಬೆಂಚಿನವರು ಆ ದಿನ ಹಿಂದೆ ಕೂತುಕೊಳ್ಳಲಿ.